ಅಕ್ಕೂರು ಎಂಬ ಕೆಂಪು ಕಾರು

ನನಗೆ ಮೂಗಿನ ತುದಿಯಲ್ಲೇ ಕೋಪ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬರೆಯಲಿರುವುದರಲ್ಲಿ ಅರ್ಧ ತಪ್ಪು ಆ ಕೋಪದ್ದು. ಇನ್ನರ್ಧ ಯಾರದ್ದು ಎಂದು ಇಷ್ಟು ವರ್ಷವಾದರೂ ನನಗೆ ಸರಿಯಾಗಿ ಹಂಚಲು ಬಂದಿಲ್ಲ.

ಚನ್ನಪಟ್ಟಣದಲ್ಲಿ ರೈಲು ಹಳಿಯ ಆಚೆಗೆ ಒಂದು ಬೊಂಬೆ ಮಾಡುವ ಶೆಡ್ಡು. ತಗಡಿನ ಚಾವಣಿ, ಮರ ಕಡೆಯುವ ಆರು ಲೇತ್ ಮಿಷನ್ನು, ಹದಿನಾಲ್ಕು ಜನ. ಬಿ.ಎಸ್ಸಿ. ಮುಗಿಸಿಕೊಂಡು ಮನೆಯಲ್ಲಿ ಕೂತಿದ್ದ ನಾನು ಅಲ್ಲಿ ಬಣ್ಣ ಮಾಡುವ ಕೆಲಸಕ್ಕೆ ಸೇರಿದ್ದೆ. ಅರಿಸಿನದಿಂದ ಹಳದಿ, ನೀಲಿ ಗಿಡದಿಂದ ನೀಲಿ, ಕಾಚಿನಿಂದ ಕಂದು, ಮಂಜಿಷ್ಠದ ಬೇರಿನಿಂದ ಕೆಂಪು. ಅದನ್ನು ಬಿಸಿ ಅರಗಿಗೆ ನಾದಿ ಕಡ್ಡಿ ಮಾಡಿ ಲೇತಿನವರ ಕೈಗೆ ಕೊಡಬೇಕು. ತಿರುಗುವ ಮರಕ್ಕೆ ಅವರು ಆ ಕಡ್ಡಿ ಒತ್ತಿದರೆ ಬಿಸಿಗೆ ಅರಗು ಕರಗಿ ಬಣ್ಣ ಹತ್ತುತ್ತದೆ. ಹೊರದೇಶಕ್ಕೆ ಹೋಗುವ ಆಟದ ಸಾಮಾನಿಗೆ ಅಂಗಡಿಯ ರಾಸಾಯನಿಕ ಬಣ್ಣ ಕೂಡದು, ಮಕ್ಕಳು ಬಾಯಿಗೆ ಹಾಕುತ್ತವೆ ಎಂಬ ಕಟ್ಟಳೆ ಅದೇ ಕಾಲಕ್ಕೆ ಬಂದಿತ್ತು. ಹಾಗಾಗಿ ಬಣ್ಣದ ಜೊತೆಗೆ ಇಂಗ್ಲಿಷ್ ಕಾಗದಪತ್ರ ನೋಡಿಕೊಳ್ಳುವುದೂ ನನ್ನ ಪಾಲಿಗೇ ಬಂತು. ಶೆಡ್ಡಿನಲ್ಲಿ ಇಂಗ್ಲಿಷ್ ಓದಬಲ್ಲವಳು ನಾನೊಬ್ಬಳೇ. ಅದರ ಜಂಬ ನನಗೆ ಚೆನ್ನಾಗಿಯೇ ಇತ್ತು.

ಅಕ್ಕೂರಿನಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದೆ. ಹೈವೇಗೆ ಬಂದರೆ ಬಿಡದಿಯ ಕಾರ್ಖಾನೆಗಳ ಬಿಳಿ ಬಸ್ಸುಗಳು ಒಂದರ ಹಿಂದೊಂದು. ಒಳಗೆ ಬೂದು ಬಣ್ಣದ ಯೂನಿಫಾರಂ ಹಾಕಿ ಕೂತಲ್ಲೇ ತೂಕಡಿಸುವ ನಮ್ಮ ಕಡೆಯ ಗಂಡಸರು. ಲೇತಿನ ಕೆಲಸ ಬಿಟ್ಟು ಒಬ್ಬೊಬ್ಬರೇ ಆ ಬಸ್ಸು ಹತ್ತುತ್ತಿದ್ದರು. ನಮ್ಮ ಆರು ಮಿಷನ್ನಿನಲ್ಲಿ ಎರಡು ಆಗಲೇ ನಿಂತುಹೋಗಿದ್ದವು. ಮೂರನೆಯದು ನಿಂತರೆ ಶೆಡ್ಡಿನ ಬಾಗಿಲು ಹಾಕುವುದೇ ಎಂದು ಯಜಮಾನರು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಆದರೆ ದಿನಾ ಬೆಳಿಗ್ಗೆ ಬಂದವರ ತಲೆ ಎಣಿಸುವುದು ನಮಗೆ ಕಾಣುತ್ತಿತ್ತು.

ಹೀಗಿರುವಾಗ ಆ ಆರ್ಡರು ಬಂತು. ಯುರೋಪಿನ ಯಾವುದೋ ಊರಿನ ಬೊಂಬೆ ಅಂಗಡಿಯವರಿಗೆ ಮರದ ಕಾರು ಬೇಕು. ಐದು ಮಾದರಿ, ಐದಕ್ಕೂ ಒಂದೊಂದು ಹೆಸರು. ಒಪ್ಪಿದರೆ ಆರು ತಿಂಗಳ ಕೆಲಸ.

ಹೆಸರೇನಿಡುವುದು ಎಂದು ಮಧ್ಯಾಹ್ನದ ಊಟದ ಹೊತ್ತಿನಲ್ಲಿ ದೊಡ್ಡ ಚರ್ಚೆ. ಯಜಮಾನರಿಗೆ ಕಾರಿನ ಹುಚ್ಚು. ಹೈವೇಯಲ್ಲಿ ಹೋಗುವ ಪ್ರತಿಯೊಂದರ ಜಾತಕ ಗೊತ್ತು.

“ಸಿಯೆನಾ ಅಂತ ಕಾರು ಬಂದಿತ್ತಲ್ಲ, ಅದು ಇಟಲೀಲಿ ಒಂದೂರಂತೆ. ಟೂಸಾನ್ ಅಂತ ಐತೆ, ಅದು ಅಮೆರಿಕದಲ್ಲಿ ಒಂದೂರು. ಅವರು ಅವರ ಊರ ಹೆಸರು ಇಟ್ಟು ನಮ್ಮ ರಸ್ತೆಗೆ ಬುಡ್ತಾರೆ. ನಾವ್ಯಾಕೆ ನಮ್ಮೂರ ಹೆಸರಿಟ್ಟು ಅವರ ಮನೆಗೆ ಕಳಿಸಬಾರದು?” ಅಂದರು.

ಅಲ್ಲಿಂದ ಜಗಳ ಶುರು. ಪ್ರತಿಯೊಬ್ಬರಿಗೂ ತಮ್ಮೂರು ಬೇಕು. ರಾಮನಗರಕ್ಕೆ ಯಾರ ತಕರಾರೂ ಇರಲಿಲ್ಲ, ಅಲ್ಲಿನ ಬೆಟ್ಟದ ಬಂಡೆಯ ಹಾಗೆ ಗುಂಡಗಿನ ಕಂದು ಕಾರು. ಕನಕಪುರಕ್ಕೆ ಹಿಂದೆ ಸಾಮಾನು ತುಂಬುವ ತೆರೆದ ತೊಟ್ಟಿ. ಮಾಗಡಿಗೆ ಎತ್ತರದ ಹಸಿರು ಕಾರು, ತಲೆಯ ಮೇಲೆ ಲಗೇಜಿನ ಕಟಕಟೆ. ರೈಲಿಲ್ಲದ ಊರು, ಎಲ್ಲವನ್ನೂ ಟಾಪಿನ ಮೇಲೆ ಹೇರಿಕೊಂಡೇ ಹೋಗಬೇಕಲ್ಲ. ಚನ್ನಪಟ್ಟಣ ನೀಲಿ. ವಿರೂಪಾಕ್ಷಿಪುರದ ಪ್ಯಾಕಿಂಗ್ ಹೆಂಗಸು ತಮ್ಮೂರೂ ಬೇಕೆಂದು ಹಟ ಹಿಡಿದಳು. “ನಿಮ್ಮೂರ ಹೆಸರು ಬರಿಯಾಕೆ ಕಾರಲ್ಲ ಕಣಕ್ಕ, ರೈಲೇ ಮಾಡಬೇಕು” ಎಂದು ಯಾರೋ ಅಂದಿದ್ದಕ್ಕೆ ಎರಡು ದಿನ ಮಾತು ಬಿಟ್ಟಳು. ಐದನೆಯದಕ್ಕೆ ನಾನು ಅಕ್ಕೂರು ಅಂದೆ. ಚಿಕ್ಕ ಹೆಸರು, ಬಾನೆಟ್ಟಿನ ಮೇಲೆ ಹಿಡಿಸುತ್ತದೆ. ಎಲ್ಲರಿಗಿಂತ ಜೋರಾಗಿ ಅಂದೆ, ಅದಕ್ಕೇ ಒಪ್ಪಿದರು. ಪುಟ್ಟ ಕೆಂಪು ಕಾರು, ಅಂಗೈಯಲ್ಲಿ ಕೂರುವಷ್ಟು.

ಐದನ್ನೂ ಕಡೆದವರು ನಮ್ಮ ಲೇತಿನ ಮೇಸ್ತ್ರಿ. ಮಾಗಡಿ ಕಡೆಯವರು. ಐವತ್ತೈದು ದಾಟಿತ್ತು. ವಾರವೆಲ್ಲ ಚನ್ನಪಟ್ಟಣದಲ್ಲಿ ತಂಗಿಯ ಮನೆಯಲ್ಲಿದ್ದು ಶನಿವಾರ ಸಂಜೆಯ ಬಸ್ಸಿಗೆ ಊರಿಗೆ ಹೋಗುತ್ತಿದ್ದರು. ಓದಲು ಬರೆಯಲು ಬಾರದು. ನಾನು ಕಾಗದದ ಮೇಲೆ ಬರೆದುಕೊಟ್ಟ ಊರಿನ ಹೆಸರನ್ನು ಅವರು ಚಿತ್ರ ನೋಡುವಂತೆ ನೋಡಿ ಸಣ್ಣ ಉಳಿಯಲ್ಲಿ ಬಾನೆಟ್ಟಿನ ಮೇಲೆ ಕೊರೆದರು. ಅಕ್ಕೂರಿನ ಒತ್ತಕ್ಷರದ ತಿರುವು ನನ್ನ ಕೈಬರಹಕ್ಕಿಂತ ಚೆನ್ನಾಗಿ ಬಂದಿತ್ತು. ಆದರೆ ನನ್ನ ಕೆಂಪು ಅವರಿಗೆ ಹಿಡಿಸಲಿಲ್ಲ.

“ಏನವ್ವ ಇದು, ಹೋದ್ವರ್ಸದ ಮೆಣಸಿನಕಾಯಿ ಇದ್ದಂಗೈತೆ. ಕೆಂಪು ಅಂದ್ರೆ ಕಣ್ಣಿಗೆ ಹೊಡೀಬೇಕು.”

“ಕಣ್ಣಿಗೆ ಹೊಡೆಯೋ ಕೆಂಪು ಮಕ್ಕಳ ಹೊಟ್ಟೆಗೂ ಹೊಡೀತದೆ ಮೇಸ್ತ್ರಿ” ಎಂದು ನಾನು ಮುಖಕ್ಕೆ ಹೊಡೆದಂತೆ ಹೇಳಿದೆ. ಅವರು ನಕ್ಕರು. ನಾನು ನಗಲಿಲ್ಲ. ಒಂದು ಸಲ ಅವರ ತಗಡಿನ ಡಬ್ಬಿಯಲ್ಲಿ ಅಂಗಡಿಯ ಬಣ್ಣ ಹಾಕಿದ ಕೆಂಪು ಅರಗಿನ ಕಡ್ಡಿ ನೋಡಿದ್ದೆ. ಬಿಡುವಿನಲ್ಲಿ ಹೈವೇ ಅಂಗಡಿಗಳಿಗೆ ಬುಗುರಿ ಮಾಡಿಕೊಡುತ್ತಿದ್ದರು, ಅದಕ್ಕೆ ಇಟ್ಟುಕೊಂಡದ್ದು. ಆಗ ಸುಮ್ಮನಿದ್ದೆ, ಆದರೆ ಮನಸ್ಸಿನಲ್ಲಿ ಗಂಟು ಹಾಕಿಟ್ಟುಕೊಂಡೆ.

ಇನ್ನು ನಾನು ಹೇಳಲಿರುವುದು ನನಗೆ ನೆನಪಾದದ್ದು ಬಹಳ ತಡವಾಗಿ. ಆದರೆ ನಡೆದದ್ದು ಈ ಹೊತ್ತಿನಲ್ಲೇ. ಆದ್ದರಿಂದ ಇಲ್ಲೇ ಹೇಳುತ್ತೇನೆ.

ಐದು ಕಾರೂ ತಯಾರಾಗಿ ಸೋಮವಾರ ಪರೀಕ್ಷೆಯ ಲ್ಯಾಬಿಗೆ ಹೋಗಬೇಕಿತ್ತು. ಶನಿವಾರ ಸಂಜೆ ಅಕ್ಕೂರನ್ನು ನಾನು ಯಾರಿಗೂ ಹೇಳದೆ ಬ್ಯಾಗಿಗೆ ಹಾಕಿಕೊಂಡು ಮನೆಗೆ ತಂದೆ. ಅಪ್ಪ ಅವ್ವನಿಗೆ ತೋರಿಸುವ ಆಸೆ. ಅಪ್ಪ ರೇಷ್ಮೆ ಹುಳುವಿಗೆ ಸೊಪ್ಪು ಹಾಕುತ್ತಿದ್ದವರು ಕೈ ಒರೆಸಿಕೊಂಡು ಬಂದು ಕಾರನ್ನು ತಿರುಗಿಸಿ ತಿರುಗಿಸಿ ನೋಡಿದರು. “ನಮ್ಮೂರ ಹೆಸರು ಫಾರಿನ್ನಿಗೆ ಹೋಯ್ತದಾ!” ಅಂದರು. ಭಾನುವಾರ ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅವ್ವ ಕಾರನ್ನು ದೇವರ ಮುಂದೆ ಇಟ್ಟು ಪೂಜೆ ಮಾಡಿದ್ದಳು. ಬಾನೆಟ್ಟಿಗೆ ಅರಿಸಿನ ಕುಂಕುಮ, ಒಂದೆಸಳು ಸೇವಂತಿಗೆ. ಚಕ್ರದಡಿ ಇಡಲು ನಿಂಬೆಹಣ್ಣು ದೊಡ್ಡದಾಯಿತೆಂದು ಅದರ ಬದಲು ಒಂದು ನಿಂಬೆಬೀಜ ಇಟ್ಟು ಕಾರನ್ನು ಅದರ ಮೇಲೆ ಹತ್ತಿಸಿದ್ದಳು.

“ಇದೇನವ್ವ, ಬೊಂಬೆಗೂ ಪೂಜೆನಾ?” ಎಂದು ನಕ್ಕೆ.

“ಬೊಂಬೆಯಾದ್ರೇನು, ಗಾಡಿ ಗಾಡೀನೇ. ಮನೆಗೆ ಹೊಸ ಗಾಡಿ ಬಂದ್ಮೇಲೆ ಬರೀ ಹಣೇಲಿ ಕಳಿಸಾಕಾಯ್ತದಾ?”

ನಮ್ಮ ಕಡೆ ಇದೊಂದು ವಿಷಯವೇ ಅಲ್ಲ. ಸೈಕಲ್ಲಿಗೂ ಮಾಡುತ್ತಾರೆ, ಹೊಲಿಗೆ ಮಿಷನ್ನಿಗೂ ಮಾಡುತ್ತಾರೆ. ಸೋಮವಾರ ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ ಬಸ್ಸು ಹತ್ತಿದೆ. ಕೆಂಪು ಕಾರು, ಕೆಂಪು ಕುಂಕುಮ. ಕೊರೆದ ಅಕ್ಷರಗಳ ಸಂದಿಯಲ್ಲಿ ಏನಾದರೂ ಉಳಿದಿದ್ದರೂ ಕಣ್ಣಿಗೆ ಕಾಣುವಂತಿರಲಿಲ್ಲ. ಐದನ್ನೂ ಪೆಟ್ಟಿಗೆಗೆ ಹಾಕಿ ನಾನೇ ಅಂಟಿಸಿ ಕಳಿಸಿದೆ. ಮಧ್ಯಾಹ್ನದ ಹೊತ್ತಿಗೆ ಪೂಜೆಯ ಸಂಗತಿ ನನ್ನ ತಲೆಯಿಂದ ಪೂರ್ತಿ ಹೋಗಿತ್ತು, ಬೆಳಿಗ್ಗೆ ಹಲ್ಲುಜ್ಜಿದ್ದು ಹೇಗೆ ನೆನಪಿರುವುದಿಲ್ಲವೋ ಹಾಗೆ.

ಎರಡು ವಾರದ ಮೇಲೆ ರಿಪೋರ್ಟು ಬಂತು. ಯಜಮಾನರು ಕವರು ಒಡೆದು ನನ್ನ ಕೈಗೆ ಕೊಟ್ಟು ನಿಂತೇ ಇದ್ದರು. ನಾಲ್ಕು ಪಾಸು. ಅಕ್ಕೂರು ಫೇಲು. ಕೆಂಪಿನಲ್ಲಿ ಸೀಸ ಸಿಕ್ಕಿದೆ, ಇರಬೇಕಾದ ಮಿತಿಯನ್ನು ದಾಟಿ ಎಷ್ಟೋ ಮುಂದೆ ಹೋಗಿದೆ ಎಂದಿತ್ತು. ಸೀಸವೆಂದರೆ ಮಕ್ಕಳ ಮಿದುಳಿಗೇ ಕೈ ಹಾಕುವ ವಿಷ ಎಂಬುದನ್ನು ಓದಿ ತಿಳಿದವಳು ನಾನು. ರಿಪೋರ್ಟು ಯುರೋಪಿನ ಅಂಗಡಿಗೂ ಹೋಗಿತ್ತು, ಅಷ್ಟರಲ್ಲಿ ಅವರ ಫೋನೂ ಬಂತು. ಅಂಗಡಿಯವರು ಏರಿದ ದನಿಯಲ್ಲಿ ಮಾತಾಡಲಿಲ್ಲ, ಅದೇ ಭಯ ಹುಟ್ಟಿಸಿತು. ಇದು ಹೇಗೆ ಬಂತೆಂದು ಒಂದು ವಾರದಲ್ಲಿ ಬರೆದು ತಿಳಿಸಿ, ಹೊಸ ಮಾದರಿ ಕಳಿಸಿ, ಇಲ್ಲದಿದ್ದರೆ ಐದೂ ಬೇಡ ಅಂದರು. ಫೋನಿಟ್ಟು ನಾನು ಅವರ ಮಾತು ತಿಳಿಸಿದ ಮೇಲೆ ಯಜಮಾನರು ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ. ಬಣ್ಣ ಮಾಡಿದವಳು ನಾನು.

ನನ್ನ ಮಂಜಿಷ್ಠದಲ್ಲಿ ಸೀಸವಿಲ್ಲ. ಬೇರನ್ನು ನಾನೇ ಕುಟ್ಟಿ, ನಾನೇ ಸೋಸಿದ್ದೆ. ಹಾಗಾದರೆ ಯಾರು? ಒಂದು ಕ್ಷಣವೂ ಹಿಡಿಯಲಿಲ್ಲ. ಎದ್ದವಳೇ ನೇರ ಮೇಸ್ತ್ರಿಯ ಮಿಷನ್ನಿನ ಹತ್ತಿರ ಹೋಗಿ, ಕೇಳದೆ ಹೇಳದೆ, ಕಾಲಬಳಿ ಇದ್ದ ಅವರ ಡಬ್ಬಿಯ ಮುಚ್ಚಳ ತೆಗೆದೆ. ಕೆಂಪು ಕಡ್ಡಿ ಅಲ್ಲೇ ಇತ್ತು. ಅದನ್ನೆತ್ತಿ ಹಿಡಿದೆ.

“ಇದೇನು ಮೇಸ್ತ್ರಿ?”

ಒಂದೊಂದೇ ಮಿಷನ್ನು ನಿಂತಿತು. ಪ್ಯಾಕಿಂಗಿನ ಹೆಂಗಸರು ಎದ್ದು ಬಂದರು.

“ಅದು ಬುಗುರಿದು ಕಣವ್ವ. ರೋಡ್ ಅಂಗಡಿಗೆ. ನಿಂಗೂ ಗೊತ್ತಲ್ಲ.”

“ನನ್ನ ಕೆಂಪು ಚೆನ್ನಾಗಿಲ್ಲ ಅಂದವರು ಯಾರು? ಕಣ್ಣಿಗೆ ಹೊಡೀಬೇಕು ಅಂದವರು ಯಾರು? ಕಳ್ಳತನದಲ್ಲಿ ಮೇಲೊಂದು ಕೈ ಎಳೆದಿದ್ದೀರ. ವಿಷ ಇದು, ಗೊತ್ತಾ? ಮಗು ಬಾಯಿಗೆ ಹೋಗೋ ವಿಷ.”

ಅವರು ನನ್ನ ಕೈಯಲ್ಲಿದ್ದ ರಿಪೋರ್ಟನ್ನು ತೆಗೆದುಕೊಂಡು ಎರಡೂ ಕಡೆ ತಿರುಗಿಸಿ ನೋಡಿ ವಾಪಸ್ಸು ಕೊಟ್ಟರು. “ಇದ್ರಲ್ಲಿ ನನ್ನೆಸ್ರು ಐತಾ? ಓದಿ ಹೇಳು” ಅಂದರು.

“ಹೆಸರು ಯಾಕೆ ಬೇಕು, ಕಡ್ಡೀನೇ ಐತಲ್ಲ” ಅಂದೆ.

“ನಾನು ಕಾರಿಗೆ ಮುಟ್ಟಿಸ್ನಿಲ್ಲ ತಾಯಿ. ನನ್ ಮಕ್ಳಾಣೆಗೂ ಮುಟ್ಟಿಸ್ನಿಲ್ಲ.”

ಯಾರೂ ಅವರ ಪರ ಮಾತಾಡಲಿಲ್ಲ. ವಿರೂಪಾಕ್ಷಿಪುರದವಳು ಮಾತ್ರ ಲೊಚಗುಟ್ಟಿದಳು, ಅದು ಅವರಿಗೋ ನನಗೋ ತಿಳಿಯಲಿಲ್ಲ. ಯಜಮಾನರು ಕೆಟ್ಟವರಲ್ಲ, ಹೆದರಿದವರು. “ಮೇಸ್ತ್ರಿ, ಒಸಿ ದಿನ ಊರಲ್ಲಿರಿ. ಆಮೇಲೆ ನೋಡಾಣ” ಅಂದರು. ಮೇಸ್ತ್ರಿ ಮರದ ಪುಡಿ ಕೊಡವಿಕೊಂಡು, ಚಪ್ಪಲಿ ಮೆಟ್ಟಿ, ಯಾರ ಮುಖವನ್ನೂ ನೋಡದೆ ಹೋದರು. ಅಂದು ಬುಧವಾರ. ವಾರದ ನಡುವೆ ಅವರು ಊರಿನ ಬಸ್ಸು ಹತ್ತಿದ್ದನ್ನು ಯಾರೂ ಕಂಡಿರಲಿಲ್ಲ.

ಅಂಗಡಿಯವರಿಗೆ ಕಾಗದ ಬರೆದದ್ದು ನಾನು. ಹಳೆಯ ಕೆಲಸಗಾರನೊಬ್ಬ ನಿಯಮ ಮೀರಿ ಅಂಗಡಿಯ ಬಣ್ಣ ಬಳಸಿದ್ದ, ಅವನನ್ನು ಕೆಲಸದಿಂದ ತೆಗೆದಿದ್ದೇವೆ ಎಂದು ಬರೆದೆ. ಮೇಸ್ತ್ರಿಯನ್ನು ಏಕವಚನದಲ್ಲಿ, ಅವನನ್ನು ಎಂದೇ ಬರೆದೆ. ಇಂಗ್ಲಿಷಿನಲ್ಲಿ ಬೇರೆ ದಾರಿ ಇಲ್ಲವಲ್ಲ ಎಂದು ಆಗ ಸಮಾಧಾನ ಮಾಡಿಕೊಂಡದ್ದೂ ನೆನಪಿದೆ.

ಇನ್ನೊಬ್ಬರ ಕೈಯಲ್ಲಿ ಕಡೆಸಿದ ಹೊಸ ಅಕ್ಕೂರು ಪರೀಕ್ಷೆಗೆ ಹೋಗಿ ಪಾಸಾಯಿತು. ಪಾಸಾಗದೆ ಏನು, ಅದು ನಮ್ಮ ಮನೆಗೆ ಬಂದಿರಲಿಲ್ಲ. ಆದರೆ ಆಗ ಅದು ನಮಗೆಲ್ಲ ಮೇಸ್ತ್ರಿಯ ತಪ್ಪಿಗೆ ಸಾಕ್ಷಿಯಾಗಿ ಕಂಡಿತು. ಆರ್ಡರು ಗಟ್ಟಿಯಾಯಿತು. ತಪ್ಪು ಮಾಡಿದವರನ್ನು ತಕ್ಷಣ ಹಿಡಿದ ನಿಮ್ಮ ಶಿಸ್ತು ಮೆಚ್ಚುವಂಥದ್ದು ಎಂದು ಅಂಗಡಿಯವರು ಬರೆದಿದ್ದರು. ಯಜಮಾನರು ಮೈಸೂರು ಪಾಕು ಹಂಚಿದರು. ನನಗೆ ಎರಡು ತುಂಡು ಕೊಟ್ಟರು.

ಲ್ಯಾಬಿನವರು ಹಳೆಯ ಐದು ಕಾರುಗಳನ್ನು ವಾಪಸ್ಸು ಕಳಿಸಿದ್ದು ಅದೇ ವಾರ. ಪೆಟ್ಟಿಗೆಯಲ್ಲಿ ಇನ್ನೊಂದು ಹಾಳೆಯೂ ಇತ್ತು, ಫೇಲಾದ ಕಾರಿನ ಬಗ್ಗೆ ವಿವರ, ಜೊತೆಗೊಂದು ಫೋಟೋ. ಎಲ್ಲರೂ ಊಟಕ್ಕೆ ಹೋಗಿದ್ದರು. ಫೈಲಿಗೆ ಹಾಕುವ ಮುಂಚೆ ಸುಮ್ಮನೆ ಕಣ್ಣಾಡಿಸಿದೆ. ಫೋಟೋದಲ್ಲಿ ಬಾನೆಟ್ಟನ್ನು ದೊಡ್ಡದು ಮಾಡಿ ತೋರಿಸಿ ಬಾಣದ ಗುರುತು ಹಾಕಿದ್ದರು. ಕಾರಿನ ಮೈಯ ಬಣ್ಣದಲ್ಲಿ ಏನೂ ಇಲ್ಲ, ಕೊರೆದ ಅಕ್ಷರಗಳ ಒಳಗೆ ಸಡಿಲವಾದ ಕೆಂಪು ಪುಡಿ ಇದೆ, ಸೀಸ ಇರುವುದು ಅದರಲ್ಲಿ ಎಂದಿತ್ತು.

ಪುಡಿ. ಅರಗಿನ ಕಡ್ಡಿಯಿಂದ ಪುಡಿ ಬರುವುದಿಲ್ಲ.

ಪೆಟ್ಟಿಗೆಯಿಂದ ಅಕ್ಕೂರನ್ನು ತೆಗೆದು ಒತ್ತಕ್ಷರದ ಸಂದಿಗೆ ಉಗುರು ಹಾಕಿ ಕೆರೆದೆ. ಉಗುರಿನ ತುದಿಗೆ ಕೆಂಪು ಹತ್ತಿತು, ಅದರ ಜೊತೆಗೆ ಒಂದು ಚೂರು ಹಳದಿ. ಮೂಗಿನ ಹತ್ತಿರ ತಂದೆ. ದೇವರ ಮನೆಯ ವಾಸನೆ. ಆ ಭಾನುವಾರ ಪೂರ್ತಿಯಾಗಿ, ಸೇವಂತಿಗೆ ಎಸಳಿನ ಸಮೇತ, ಕಣ್ಣ ಮುಂದೆ ಬಂದು ನಿಂತಿತು. ಅವ್ವ ಸಂತೆಯಲ್ಲಿ ಬಿಡಿಯಾಗಿ ತರುತ್ತಿದ್ದ ಆ ಕುಂಕುಮ ಅರಿಸಿನದಿಂದ ಮಾಡಿದ್ದಲ್ಲ, ಸೀಸ ಬೆರೆತ ಅಗ್ಗದ ಬಣ್ಣದ ಪುಡಿ ಎಂದು ಅದರ ಹೊಳಪಿನಿಂದಲೇ ನನಗೆ ತಿಳಿಯಬೇಕಿತ್ತು. ಬಣ್ಣ ಓದಿದವಳು ನಾನು.

ಹಾಳೆಯನ್ನು ಮಡಿಸಿ ನನ್ನ ಬ್ಯಾಗಿಗೆ ಹಾಕಿಕೊಂಡೆ.

ಈಗ ನಾನೊಂದು ನಾಚಿಕೆಗೇಡಿನ ಸಂಗತಿ ಹೇಳಬೇಕು. ಹನ್ನೊಂದು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಹೇಳಿದರೆ ಏನಾಗುತ್ತದೆ? ನಾವು ಬರೆದ ಕಾಗದ ಸುಳ್ಳೆಂದು ಒಪ್ಪಿಕೊಂಡಂತೆ. ಅಂಗಡಿಯವರು ಮೆಚ್ಚಿದ್ದೇ ಆ ಸುಳ್ಳನ್ನು. ಆರ್ಡರು ಹೋದರೆ ಹದಿಮೂರು ಜನರ ಕೆಲಸ. ಹೇಳದಿದ್ದರೆ ಒಬ್ಬರದು, ಅದೂ ಹೋಗಿಯೇ ಹೋಗಿದೆ. ಹೀಗೆ ಲೆಕ್ಕ ಹಾಕಿ ಹಾಕಿ ನಾನು ನ್ಯಾಯವಂತಳಾಗಿಬಿಟ್ಟಿದ್ದೆ. ಆದರೆ ತಟ್ಟೆಯಲ್ಲಿ ಅನ್ನ ಹಾಗೇ ಬಿಟ್ಟು ಏಳುತ್ತಿದ್ದೆ. “ಯಾಕವ್ವ ಹಿಂಗೆ ಸೊರಗಿದೀಯ? ಆ ಕಾರು ಹೋಯ್ತಾ ಫಾರಿನ್ನಿಗೆ?” ಎಂದು ಅವ್ವ ಕೇಳಿದಳು. ಅವಳ ಮೇಲೆ ರೇಗಿದೆ. ಏನೂ ಅರಿಯದ ಅವಳು ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

ಒಂಬತ್ತನೆಯ ದಿನ ಶೆಡ್ಡಿನಲ್ಲಿ ಸುದ್ದಿ ಬಂತು. ಮೇಸ್ತ್ರಿ ಬಿಡದಿಯಲ್ಲಿ ಕಂಟ್ರಾಕ್ಟರೊಬ್ಬನ ಕೈಕೆಳಗೆ ಕೆಲಸಕ್ಕೆ ನಿಂತಿದ್ದಾರೆ, ಯಾವುದೋ ಬಿಡಿಭಾಗಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುವ ಕೆಲಸ, ದಿನವಿಡೀ ನಿಂತೇ ಇರಬೇಕಂತೆ. “ಆ ಕೈಗೆ ರಟ್ಟು ಮಡಚೋ ಕೆಲಸ” ಎಂದು ವಿರೂಪಾಕ್ಷಿಪುರದವಳು ಯಾರಿಗೂ ಅಲ್ಲದಂತೆ ಹೇಳಿದಳು. ಊರಲ್ಲೂ ಮಾತು ಹಬ್ಬಿತ್ತಂತೆ, ಮಕ್ಕಳ ಬೊಂಬೆಗೆ ವಿಷ ಹಾಕಿ ಕೆಲಸ ಕಳಕೊಂಡ ಅಂತ. ವಿಷ ಎಂಬುದು ನನ್ನ ಮಾತು. ಅದು ಬಸ್ಸು ಹತ್ತಿ ಮಾಗಡಿಗೆ ಹೋಗಿತ್ತು.

ಆ ಭಾನುವಾರ ನಾನೂ ಮಾಗಡಿಯ ಬಸ್ಸು ಹತ್ತಿದೆ. ರಾಮನಗರದಲ್ಲಿ ಬಸ್ಸು ಬದಲಾಯಿಸಿ, ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಮನಸ್ಸಿನಲ್ಲಿ ತಿದ್ದಿ ತಿದ್ದಿ ಬಾಯಿಪಾಠ ಮಾಡಿದೆ. ಊರಿಂದಾಚೆ ತೆಂಗಿನ ತೋಟದ ಅಂಚಿಗೆ ಅವರ ಮನೆ. ಜಗಲಿಯ ಮೇಲೆ ಒಬ್ಬರೇ ಕೂತು ಅಂಗಾಲಿಗೆ ಹರಳೆಣ್ಣೆ ತಿಕ್ಕಿಕೊಳ್ಳುತ್ತಿದ್ದರು. ನನ್ನನ್ನು ನೋಡಿ ಆಶ್ಚರ್ಯ ತೋರಿಸಲಿಲ್ಲ. “ಬಾವ್ವ, ಕೂತ್ಕೊ” ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಬಾಯಿಪಾಠವೆಲ್ಲ ಮರೆತುಹೋಯಿತು. ಎಲ್ಲವನ್ನೂ ಹಿಂದುಮುಂದಾಗಿ ಹೇಳಿದೆ. ಕಾರನ್ನು ಮನೆಗೊಯ್ದದ್ದು, ಅವ್ವ ಕುಂಕುಮ ಇಟ್ಟದ್ದು, ನಾನು ಒರೆಸಿದ್ದು, ಲ್ಯಾಬಿನ ಹಾಳೆ, ಹನ್ನೊಂದು ದಿನ. ಅವರು ಎಣ್ಣೆ ತಿಕ್ಕುವುದನ್ನು ನಿಲ್ಲಿಸದೆ ಕೇಳಿಸಿಕೊಂಡರು.

“ನಿಮ್ಮವ್ವ ಮಾಡಿದ್ದು ತಪ್ಪಲ್ಲ” ಅಂದರು. “ನಾನಾಗಿದ್ರೂ ಮಾಡ್ತಿದ್ದೆ. ನಿಂಗೆ ಮರ್ತೋದದ್ದೂ ತಪ್ಪಲ್ಲ, ಅದ್ಯಾರಿಗೆ ನೆನಪಿರ್ತದೆ. ಆದ್ರೆ ಕಾಗದ ಬಂದಾಗ ಇಡೀ ಶೆಡ್ಡಲ್ಲಿ ನನ್ನೊಬ್ಬನ ಮೊಕಾನೇ ಯಾಕೆ ಮೊದ್ಲು ಕಾಣಿಸ್ತು ನಿಂಗೆ?”

ತಪ್ಪಾಯ್ತು ಮೇಸ್ತ್ರಿ ಅಂದೆ. ಕಣ್ಣಲ್ಲಿ ನೀರು ಬಂತು, ಅದು ಬಂದದ್ದಕ್ಕೂ ನಾಚಿಕೆಯಾಯಿತು.

“ಅಳಬ್ಯಾಡ. ಹದಿನಾಲ್ಕು ಜನದ ಮುಂದೆ ಕಳ್ಳ ಅಂದೆ. ಈಗ ನಾನೊಬ್ನೇ ಕೂತಿರೋವಾಗ ಬಂದು ಅಲ್ಲ ಅಂತೀಯ. ಇದು ಯಾವ ಲೆಕ್ಕ ತಾಯಿ?”

ಒಳಗಿಂದ ಅವರ ಹೆಂಡತಿ ಮಜ್ಜಿಗೆ ತಂದುಕೊಟ್ಟರು. ಆಕೆ ನನ್ನ ಮುಖ ನೋಡಲಿಲ್ಲ. ಮಜ್ಜಿಗೆ ಕುಡಿದು ಎದ್ದೆ.

ಸೋಮವಾರ ಹತ್ತು ಗಂಟೆಗೆ, ಎಲ್ಲ ಬಂದ ಮೇಲೆ, ನಾನೇ ಮೇನ್ ಸ್ವಿಚ್ಚು ಆರಿಸಿದೆ. ಕರೆಂಟು ಹೋಯಿತೆಂದು ಎಲ್ಲರೂ ತಲೆಯೆತ್ತಿದರು. ನಿಂತಲ್ಲೇ ಹೇಳಿದೆ. ಏನನ್ನೂ ಬಿಡಲಿಲ್ಲ. ಅವ್ವನ ಹೆಸರನ್ನು ಮುಂದೆ ಮಾಡಲಿಲ್ಲ, ಕಾರನ್ನು ಕೇಳದೆ ಮನೆಗೊಯ್ದದ್ದು ನಾನು ಅಂದೆ. ಹಾಳೆಯನ್ನು ಯಜಮಾನರ ಕೈಗೆ ಕೊಟ್ಟು, ಇದು ಹನ್ನೆರಡು ದಿನದಿಂದ ನನ್ನ ಬ್ಯಾಗಿನಲ್ಲಿತ್ತು ಅಂದೆ. ಅವರ ಮುಖದ ಬಣ್ಣ ಇಳಿಯಿತು.

“ಅಂಗಡಿಯವ್ರಿಗೆ ಬರೆದ ಕಾಗದ ಏನ್ ಮಾಡ್ಲಿ ಈಗ? ನುಂಗ್ಲಾ?” ಎಂದು ಕೂಗಿದರು. ಅವರು ಕೂಗಿದ್ದನ್ನು ನಾವು ಯಾರೂ ಅದುವರೆಗೆ ಕೇಳಿರಲಿಲ್ಲ.

“ಇನ್ನೊಂದು ಬರೀತೀನಿ. ನನ್ನ ಹೆಸರು ಹಾಕಿ ಬರೀತೀನಿ” ಅಂದೆ.

ಬರೆದೆ. ಉತ್ತರ ಬರುವವರೆಗಿನ ಹತ್ತು ದಿನ ಶೆಡ್ಡಿನಲ್ಲಿ ಯಾರೂ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ, ಮಾತಾಡಬೇಕಾಗಿಯೂ ಇರಲಿಲ್ಲ. ಕಡೆದ ಕಾರುಗಳು ಮೂಲೆಯಲ್ಲಿ ರಾಶಿ ಬಿದ್ದಿದ್ದವು. ಪ್ಯಾಕ್ ಮಾಡಲು ಯಜಮಾನರು ಹೇಳಲಿಲ್ಲ. ಕೊನೆಗೆ ಎರಡೇ ಸಾಲಿನ ಉತ್ತರ ಬಂತು. ನಾಲ್ಕು ಮಾದರಿ ತೆಗೆದುಕೊಳ್ಳುತ್ತೇವೆ, ಅಕ್ಕೂರು ಬೇಡ. ರಾಮನಗರ, ಕನಕಪುರ, ಮಾಗಡಿ, ಚನ್ನಪಟ್ಟಣ ಪೆಟ್ಟಿಗೆ ಸೇರಿ ಹೋದವು. ಎಲ್ಲರೂ ಉಸಿರು ಬಿಟ್ಟರು. ನನ್ನ ಕೈಯಿಂದ ಕಾಗದಪತ್ರದ ಫೈಲನ್ನು ಯಜಮಾನರು ತೆಗೆದುಕೊಂಡರು, ಬಣ್ಣದ ಕೆಲಸ ಮಾತ್ರ ಉಳಿಸಿದರು. ಆಮೇಲೆ ತಾವೇ ಮಾಗಡಿಗೆ ಹೋದರು, ಒಂದಲ್ಲ, ಮೂರು ಸಲ. ಮೂರನೆಯ ಸಲಕ್ಕೆ ಮೇಸ್ತ್ರಿ ಒಪ್ಪಿದರು.

ಮೇಸ್ತ್ರಿ ವಾಪಸ್ಸು ಬಂದ ದಿನ ಅವರ ಮಿಷನ್ನನ್ನು ನಾನೇ ಒರೆಸಿಟ್ಟಿದ್ದೆ. ಹೊಸದಾಗಿ ಮಾಡಿದ ನಾಲ್ಕು ಕಡ್ಡಿ ಹಿಡಿದು ಅವರ ಮುಂದೆ ನಿಂತೆ. ಅವರು ಕೈ ಚಾಚಲಿಲ್ಲ.

“ಬರ್ದುಕೊಡವ್ವ” ಅಂದರು.

“ಏನು ಮೇಸ್ತ್ರಿ?”

“ಈ ಕಡ್ಡಿ ನೀನೇ ಮಾಡಿದ್ದು, ನೀನೇ ಕೊಟ್ಟದ್ದು, ಇದ್ರಲ್ಲಿ ಬ್ಯಾರೆ ಏನೂ ಇಲ್ಲ ಅಂತ. ಕೆಳಗೆ ನಿನ್ ಸೈನು.”

ತಮಾಷೆಯೆಂದುಕೊಂಡೆ. ಅಲ್ಲ. ಒಂದು ಚೀಟಿಯಲ್ಲಿ ಬರೆದು ಸಹಿ ಹಾಕಿ ಕೊಟ್ಟೆ. ಅವರು ಅದನ್ನು ನೋಡಲೂ ಇಲ್ಲ, ನೋಡಿದ್ದರೂ ಓದಲು ಬಾರದು. ನಾಲ್ಕಾಗಿ ಮಡಿಸಿ ಅಂಗಿಯ ಜೇಬಿಗಿಟ್ಟುಕೊಂಡು, ಆಮೇಲೆ ಕಡ್ಡಿ ತೆಗೆದುಕೊಂಡರು. ಮಾರನೆಯ ದಿನವೂ ಹಾಗೇ. ಅದರ ಮಾರನೆಯ ದಿನವೂ. ಬೇರೆಯವರ ಮುಂದೆಯೇ ಕೇಳುತ್ತಿದ್ದರು, ಆದರೆ ಗದರುತ್ತಿರಲಿಲ್ಲ, ಮೂದಲಿಸುತ್ತಿರಲಿಲ್ಲ. ಚೀಟಿ ಪಡೆದ ಮೇಲೆ ಮಾಮೂಲಿನಂತೆ ಮಾತು, ನಗು. ನನ್ನ ಕೆಂಪನ್ನು ಮಾತ್ರ ಮತ್ತೆಂದೂ ಮೆಣಸಿನಕಾಯಿಗೆ ಹೋಲಿಸಲಿಲ್ಲ. ಆ ಮಾತಿಗಾಗಿ ನಾನು ಎಷ್ಟು ಕಾದೆನೆಂದು ಹೇಳಿದರೆ ನಗುತ್ತೀರಿ.

ಒಂದು ವರ್ಷವಾದ ಮೇಲೆ ತಡೆಯಲಾರದೆ ಕೇಳಿದೆ. “ಮೇಸ್ತ್ರಿ, ಇನ್ನೂ ಎಷ್ಟು ದಿನ ಬರೆಸ್ಕೊತೀರ?”

ಅವರು ಮಿಷನ್ನು ನಿಲ್ಲಿಸಿದರು. “ಕಾಗದ ಬಂದ್ರೆ ಓದೋಳು ನೀನು. ನಾವು ಕೇಳೋರು. ನನ್ ಹತ್ರಾನೂ ಒಂದು ಕಾಗದ ಇರ್ಲಿ ಬುಡವ್ವ” ಅಂದರು.

ಆಮೇಲೆ ನಾನು ಕೇಳಲಿಲ್ಲ. ಮೂರು ವರ್ಷ, ರಜೆ ಬಿಟ್ಟು ದಿನವೂ ಬರೆದೆ. ಕಣ್ಣು ಮಂಜಾಗಿ ಇನ್ನು ಆಗುವುದಿಲ್ಲವೆಂದು ಅವರು ಕೆಲಸ ಬಿಟ್ಟ ದಿನ ಯಜಮಾನರು ಶಾಲು ಹೊದಿಸಿದರು, ಎಲ್ಲರೂ ಕಾಲಿಗೆ ಬಿದ್ದೆವು. ಅದು ಮುಗಿದ ಮೇಲೆ ಮೇಸ್ತ್ರಿ ಇನ್ನೊಂದು ಕಾರು ಕಡೆದೇ ಹೋಗುತ್ತೇನೆಂದು ಮಿಷನ್ನಿಗೆ ಕೂತರು. ನಾನು ಕಡ್ಡಿ ಒಯ್ದು ಮುಂದೆ ಹಿಡಿದೆ, ಚೀಟಿ ಒಯ್ಯಲಿಲ್ಲ. ಇವತ್ತಾದರೂ ಸುಮ್ಮನೆ ತೆಗೆದುಕೊಳ್ಳುತ್ತಾರೆ ಎಂಬ ಆಸೆ. ಅವರು ಕಾದರು. ನಾನೂ ನಿಂತೇ ಇದ್ದೆ. ಕೊನೆಗೆ ಹೋಗಿ ಬರೆದು, ಸಹಿ ಹಾಕಿ ತಂದುಕೊಟ್ಟೆ. ಅವರು ಅದನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡು, ನನ್ನ ಕೈಯಿಂದ ಕಡ್ಡಿ ತೆಗೆದುಕೊಂಡರು.